ಪಿ.ಟಿ. ಪೀರಿಯಡ್ ಮತ್ತು ಕನ್ನಡಕದ ನಂಬರು

ಈ ವಾರ ಪಾಠಕ್ಕೆ ಮೊದಲು ನನ್ನದೊಂದು ತಪ್ಪೊಪ್ಪಿಗೆ ಇದೆ.

ಜನವರಿ ತಿಂಗಳು ಬಂತೆಂದರೆ ಹತ್ತನೆಯ ತರಗತಿಯ ಪೋರ್ಷನ್ ಮುಗಿದಿರುವುದಿಲ್ಲ. ಆಗ ನಾನು ಪಿ.ಟಿ. ಮೇಷ್ಟ್ರ ಬಳಿ ಹೋಗಿ, ‘ಸಾರ್, ಇವತ್ತು ನಿಮ್ಮ ಪೀರಿಯಡ್ ನನಗೆ ಬಿಟ್ಟುಕೊಡಿ’ ಎಂದು ಕೇಳುತ್ತಿದ್ದೆ. ಪಾಪ, ಅವರು ಇಲ್ಲವೆನ್ನುತ್ತಿರಲಿಲ್ಲ. ಮೈದಾನಕ್ಕೆ ಓಡಲು ಸಿದ್ಧರಾಗಿದ್ದ ಮಕ್ಕಳು ಮುಖ ಸಪ್ಪೆ ಮಾಡಿಕೊಂಡು ಮತ್ತೆ ಬೆಂಚಿನ ಮೇಲೆ ಕೂರುತ್ತಿದ್ದರು. ಮಕ್ಕಳಿಗೆ ಉಪಕಾರ ಮಾಡುತ್ತಿದ್ದೇನೆಂದೇ ಎಷ್ಟೋ ವರ್ಷ ನಾನು ನಂಬಿದ್ದೆ.

ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಬೋರ್ಡಿನ ಮೇಲೆ ಬರೆದದ್ದನ್ನು ಬಿಟ್ಟು ಪಕ್ಕದವನ ನೋಟ್‌ಬುಕ್ ನೋಡಿ ಬರೆಯುತ್ತಿದ್ದ. ಸೋಮಾರಿ ಎಂದು ಬೈದೆ. ಸರಿಹೋಗಲಿಲ್ಲ. ಕೊನೆಯ ಬೆಂಚಿಗೆ ಕಳುಹಿಸಿದೆ. ಮುಂದೆ ಶಾಲೆಗೆ ಆರೋಗ್ಯ ತಪಾಸಣೆಯವರು ಬಂದಾಗ ನಿಜ ತಿಳಿಯಿತು. ಅವನ ಎರಡೂ ಕಣ್ಣಿಗೆ ಮೈನಸ್ ಎರಡೂವರೆ ನಂಬರು.

ಹತ್ತನೆಯ ತರಗತಿಯವರು ಈಗ ಒಂದು ಸಣ್ಣ ಲೆಕ್ಕ ಮಾಡಿ. ಮಸೂರದ ಶಕ್ತಿ 2.5 ಡಯಾಪ್ಟರ್ ಎಂದರೆ ಸಂಗಮ ದೂರ ಎಷ್ಟು? ಒಂದನ್ನು 2.5ರಿಂದ ಭಾಗಿಸಿ. 0.4 ಮೀಟರ್, ಅಂದರೆ 40 ಸೆಂಟಿಮೀಟರ್. ಆ ಹುಡುಗನಿಗೆ ಕನ್ನಡಕವಿಲ್ಲದೆ 40 ಸೆಂಟಿಮೀಟರ್‌ವರೆಗೆ ಮಾತ್ರ ಸ್ಪಷ್ಟ, ಅದರಾಚೆಗೆಲ್ಲ ಮಸುಕು. ಪಕ್ಕದವನ ನೋಟ್‌ಬುಕ್ ಆ ಅಂತರದಲ್ಲಿತ್ತು, ಬೋರ್ಡು ಇರಲಿಲ್ಲ. ಈ ಲೆಕ್ಕವನ್ನು ಪ್ರತಿವರ್ಷ ಬೋರ್ಡಿನ ಮೇಲೆ ಬಿಡಿಸುತ್ತಿದ್ದ ನನಗೆ ಎದುರಿಗೇ ಕುಳಿತಿದ್ದ ಉದಾಹರಣೆ ಕಾಣಿಸಲಿಲ್ಲ. ದೋಷ ಯಾರ ಕಣ್ಣಿನಲ್ಲಿತ್ತು, ನೀವೇ ಹೇಳಿ.

ಸಮೀಪ ದೃಷ್ಟಿ ಬರುವುದು ಹೇಗೆ? ಹುಟ್ಟಿದ ಮಗುವಿನ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿಲಿಮೀಟರ್. ಬೆಳೆದವರಲ್ಲಿ ಅದು ಸುಮಾರು 24 ಮಿಲಿಮೀಟರ್. ಕೆಲವು ಮಕ್ಕಳಲ್ಲಿ ಕಣ್ಣುಗುಡ್ಡೆ ಅಗತ್ಯಕ್ಕಿಂತ ಹೆಚ್ಚು ಉದ್ದ ಬೆಳೆಯುತ್ತದೆ. ಆಗ ದೂರದ ವಸ್ತುವಿನ ಬಿಂಬ ಅಕ್ಷಿಪಟಲದ ಮೇಲೆ ಬೀಳದೆ ಅದಕ್ಕಿಂತ ಮುಂದೆಯೇ ಮೂಡುತ್ತದೆ. ಒಂದೇ ಒಂದು ಮಿಲಿಮೀಟರ್ ಹೆಚ್ಚು ಬೆಳೆದರೆ ಸಾಕು, ನಂಬರು ಎರಡೂವರೆಯ ಆಸುಪಾಸಿಗೆ ಹೋಗುತ್ತದೆ. ನಿಮ್ನ ಮಸೂರದ ಕನ್ನಡಕ ಬಿಂಬವನ್ನು ಹಿಂದಕ್ಕೆ ಸರಿಸುತ್ತದೆಯೇ ಹೊರತು ಉದ್ದ ಬೆಳೆದ ಕಣ್ಣನ್ನು ಗಿಡ್ಡ ಮಾಡುವುದಿಲ್ಲ. ಆದ್ದರಿಂದಲೇ ಬರುವುದಕ್ಕೆ ಮುಂಚೆ ತಡೆಯುವುದು ಮುಖ್ಯ.

ಇದನ್ನು ತಡೆಯಲು ಸಾಧ್ಯವೇ? ಸಿಡ್ನಿ ಮತ್ತು ಸಿಂಗಪುರದ ಮಕ್ಕಳನ್ನು ಹೋಲಿಸಿದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಎರಡೂ ಕಡೆ ಚೀನೀ ಮೂಲದ, ಆರು-ಏಳು ವರ್ಷದ ಮಕ್ಕಳು. ಅವರ ತಂದೆ ತಾಯಿಯರಲ್ಲಿ ಸಮೀಪ ದೃಷ್ಟಿಯವರ ಪ್ರಮಾಣವೂ ಹೆಚ್ಚು ಕಡಿಮೆ ಒಂದೇ. ಆದರೂ ಸಿಂಗಪುರದ ಮಕ್ಕಳಲ್ಲಿ ಶೇಕಡಾ 29ರಷ್ಟು ಮಂದಿಗೆ ಸಮೀಪ ದೃಷ್ಟಿ ಇದ್ದರೆ, ಸಿಡ್ನಿಯಲ್ಲಿ ಶೇಕಡಾ 3ರಷ್ಟು ಮಂದಿಗೆ ಮಾತ್ರ. ಸಿಡ್ನಿಯ ಮಕ್ಕಳು ಕಡಿಮೆ ಓದುತ್ತಿದ್ದರೇ? ಇಲ್ಲ, ಅವರೇ ಹೆಚ್ಚು ಪುಸ್ತಕ ಓದುತ್ತಿದ್ದರು! ಎದ್ದು ಕಂಡ ವ್ಯತ್ಯಾಸ ಇನ್ನೊಂದು: ಸಿಡ್ನಿಯ ಮಕ್ಕಳು ವಾರಕ್ಕೆ ಸುಮಾರು 14 ಗಂಟೆ ಮನೆಯ ಹೊರಗಿರುತ್ತಿದ್ದರು. ಸಿಂಗಪುರದವರು ಸುಮಾರು 3 ಗಂಟೆ.

ಇದು ಬರೀ ಕಾಕತಾಳೀಯ ಎನ್ನಬಹುದು. ಅದಕ್ಕೇ ವಿಜ್ಞಾನದಲ್ಲಿ ಪ್ರಯೋಗ ಬೇಕು. ಚೀನಾದ ಗುವಾಂಗ್‌ಜೌ ನಗರದ 12 ಪ್ರಾಥಮಿಕ ಶಾಲೆಗಳನ್ನು ಆರಿಸಿ, ಆರರಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ದಿನವೂ 40 ನಿಮಿಷ ಹೆಚ್ಚುವರಿಯಾಗಿ ಹೊರಾಂಗಣದ ತರಗತಿ ಇಟ್ಟರು. ಉಳಿದ ಆರು ಶಾಲೆಗಳು ಎಂದಿನಂತೆಯೇ ನಡೆದವು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪ ದೃಷ್ಟಿ ಬಂದವರು ಎಂದಿನ ಶಾಲೆಗಳಲ್ಲಿ ಶೇಕಡಾ 39.5, ಹೊರಗೆ ಬಿಟ್ಟ ಶಾಲೆಗಳಲ್ಲಿ ಶೇಕಡಾ 30.4. ಅಂದರೆ ನೂರಕ್ಕೆ ಒಂಬತ್ತು ಮಕ್ಕಳು ಆ ಮೂರು ವರ್ಷ ಕನ್ನಡಕದಿಂದ ಪಾರಾದರು. 40 ನಿಮಿಷ ಎಂದರೆ ಎಷ್ಟು? ನಾನು ಕಸಿದುಕೊಳ್ಳುತ್ತಿದ್ದ ಒಂದು ಪೀರಿಯಡ್ಡಿನಷ್ಟು.

ಇದು ವ್ಯಾಯಾಮದ ಫಲವಲ್ಲ, ಬೆಳಕಿನ ಫಲ ಎಂಬುದು ವಿಜ್ಞಾನಿಗಳಲ್ಲಿ ಹೆಚ್ಚಿನವರ ಅಭಿಪ್ರಾಯ. ಒಳಾಂಗಣ ಆಟದಿಂದ ಈ ಲಾಭ ಕಂಡುಬರಲಿಲ್ಲ. ದೀಪವಿರುವ ತರಗತಿಯಲ್ಲಿ ಬೆಳಕು 300ರಿಂದ 500 ಲಕ್ಸ್ ಇರುತ್ತದೆ. ಹಗಲಿನಲ್ಲಿ ಮರದ ನೆರಳಿನಲ್ಲಿಯೇ ಹಲವು ಸಾವಿರ ಲಕ್ಸ್, ಬಯಲಿನ ಬಿಸಿಲಿನಲ್ಲಿ ಒಂದು ಲಕ್ಷದವರೆಗೆ. ಕಣ್ಣು ತಾನಾಗಿಯೇ ಹೊಂದಿಕೊಳ್ಳುವುದರಿಂದ ಈ ಭಾರಿ ಅಂತರ ನಮ್ಮ ಅರಿವಿಗೆ ಬರುವುದಿಲ್ಲ. ಹೆಚ್ಚು ಬೆಳಕು ಬಿದ್ದಾಗ ಅಕ್ಷಿಪಟಲದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಹೆಚ್ಚು ಬಿಡುಗಡೆಯಾಗುತ್ತದೆ. ಕಣ್ಣುಗುಡ್ಡೆಯ ಬೆಳವಣಿಗೆಗೆ ‘ಇನ್ನು ಸಾಕು’ ಎಂದು ಕಡಿವಾಣ ಹಾಕುವುದು ಅದೇ ಇರಬೇಕು. ಕೋಳಿಮರಿಗಳ ಮೇಲಿನ ಪ್ರಯೋಗದಲ್ಲಿ ಪ್ರಖರ ಬೆಳಕು ಸಮೀಪ ದೃಷ್ಟಿಯನ್ನು ತಗ್ಗಿಸಿತು. ಡೋಪಮೈನ್‌ನ ಕೆಲಸವನ್ನು ಔಷಧಿಯಿಂದ ತಡೆದಾಗ ಬೆಳಕಿನ ಆ ಲಾಭವೂ ಹೋಯಿತು.

ನಮ್ಮ ದೇಶದ ಸಂಗತಿ? ದೆಹಲಿಯ ಸುಮಾರು ಹತ್ತು ಸಾವಿರ ಶಾಲಾ ಮಕ್ಕಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 13 ಮಕ್ಕಳಿಗೆ ಸಮೀಪ ದೃಷ್ಟಿ ಇತ್ತು. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊರಗೆ ಆಡುವವರಲ್ಲಿ ಅದು ಕಡಿಮೆಯಿತ್ತು.

ಪೋಷಕರಲ್ಲಿ ಕೆಲವು ಮಾತು. ‘ಕನ್ನಡಕ ಹಾಕಿದರೆ ನಂಬರು ಏರುತ್ತದೆ’ ಎಂಬುದು ತಪ್ಪು. ನಂಬರು ಏರುವುದು ಮಗುವಿನ ಕಣ್ಣು ಬೆಳೆಯುತ್ತಿರುವುದರಿಂದ. ‘ಹೆಣ್ಣು ಮಗಳು, ಮುಂದೆ ಸಂಬಂಧ ನೋಡುವಾಗ ತೊಂದರೆ’ ಎಂದು ಕನ್ನಡಕವನ್ನು ಡಬ್ಬಿಯಲ್ಲಿಟ್ಟರೆ ಆ ಮಗುವಿಗೆ ಬೋರ್ಡು ಕಾಣದ ಶಿಕ್ಷೆ. ಕ್ಯಾರೆಟ್ಟು, ಸೊಪ್ಪು ಕೊಡಿ. ಅವುಗಳಿಂದ ಸಿಗುವ ‘ಎ’ ಜೀವಸತ್ವ ಇರುಳುಗಣ್ಣನ್ನು ತಡೆಯುತ್ತದೆ. ಆದರೆ ಅವು ಮೈನಸ್ ನಂಬರನ್ನು ಇಳಿಸಲಾರವು. ಹಾಗೆಯೇ, ಈಗಾಗಲೇ ನಂಬರು ಬಂದ ಮಗು ಬಯಲಿನಲ್ಲಿ ಆಡಿದ ಮಾತ್ರಕ್ಕೆ ಕನ್ನಡಕ ಬಿಡುವಂತಿಲ್ಲ. ಬಯಲಿನ ಬೆಳಕಿನ ಲಾಭ ಮುಖ್ಯವಾಗಿ ಇನ್ನೂ ನಂಬರು ಬಾರದ ಮಕ್ಕಳಿಗೆ. ಆರರ ಆಸುಪಾಸಿಗೆ ಅಥವಾ ಅದಕ್ಕೂ ಮೇಲೆ ನಂಬರು ಏರಿದವರಿಗೆ ಮುಂದೆ ಅಕ್ಷಿಪಟಲ ಕಳಚುವ ಅಪಾಯ ಹೆಚ್ಚು. ಆದ್ದರಿಂದ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ತಪ್ಪಿಸಬೇಡಿ.

ಏಪ್ರಿಲ್ ತಿಂಗಳ ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಮಕ್ಕಳನ್ನು ಅಟ್ಟಿ ಎಂದು ನಾನು ಹೇಳುತ್ತಿಲ್ಲ. ಬೆಳಗ್ಗೆ, ಸಂಜೆ ಆಡಲಿ. ಮಧ್ಯಾಹ್ನ ಬೇವಿನ ಮರದ ನೆರಳೇ ಸಾಕು. ಸೂರ್ಯನನ್ನು ನೇರವಾಗಿ ನೋಡುವುದು ಮಾತ್ರ ಯಾವ ಹೊತ್ತಿನಲ್ಲೂ ಬೇಡ.

ಮಾಡಿ ನೋಡಿ: ಕೋಣೆಯ ಆಚೆ ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರಗಳನ್ನು ಒಂದು ಕಣ್ಣು ಮುಚ್ಚಿ ಓದಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಓದಿ. ಒಂದು ಕಣ್ಣಿನ ದೋಷವನ್ನು ಇನ್ನೊಂದು ಕಣ್ಣು ಮರೆಮಾಚುತ್ತಿರಬಹುದು. ಮಸುಕಾಗಿ ಕಂಡರೆ ಹಳೆಯ ರಟ್ಟಿಗೆ ಗುಂಡುಪಿನ್ನಿನಿಂದ ತೂತು ಮಾಡಿ ಅದರ ಮೂಲಕ ನೋಡಿ. ಅಕ್ಷರ ಸ್ಪಷ್ಟವಾದರೆ ಬಹುಶಃ ಕನ್ನಡಕದಿಂದ ಸರಿಹೋಗುವ ದೋಷ. ಆಗದಿದ್ದರೂ ಸುಮ್ಮನಿರಬೇಡಿ. ಎರಡೂ ಸಂದರ್ಭದಲ್ಲಿ ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ಈ ವರ್ಷ ಜನವರಿಯಲ್ಲಿ ನಾನು ಪಿ.ಟಿ. ಮೇಷ್ಟ್ರ ಬಳಿ ಹೋಗಲಿಲ್ಲ. ಅವರೇ ಬಂದು, ‘ಏನು ಸಾರ್, ಪೋರ್ಷನ್ ಮುಗಿಯಿತೇ?’ ಎಂದು ಕೇಳಿದರು. ಮುಗಿದಿರಲಿಲ್ಲ. ಬೆಳಕಿನ ಪಾಠ ಬಾಕಿ ಇತ್ತು. ಮಕ್ಕಳನ್ನು ಕರೆದುಕೊಂಡು ಹೋಗಿ ಅದನ್ನು ಮೈದಾನದ ಮರದ ಕೆಳಗೇ ಮಾಡಿದೆ.