ಗುಲ್ಲಿನ ಓದು

ಗ್ರಂಥವೊಂದು ಪ್ರಕಟವಾಗಿ ಮೂವತ್ತು ವರ್ಷಗಳು ಕಳೆದ ಮೇಲೆ ಅದನ್ನು ಹುಡುಕಿಕೊಂಡು ಓದುವವರು ಹುಟ್ಟಿಕೊಂಡರೆ ಸಾಹಿತ್ಯಾಭಿಮಾನಿಗಳು ಹಿಗ್ಗುವುದು ಸಹಜವೇ ಸರಿ. ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಕಾದಂಬರಿಗೆ ಆ ಭಾಗ್ಯವು ಒದಗಿದೆ. 1994ರಲ್ಲಿ ಹೊರಬಂದ ಈ ರೋಮಾಂಚಕ ಕಥೆಯ ಕೀರ್ತಿಯು ಅಂತರ್ಜಾಲದ ದಾರಿಯಿಂದ ಹರಡಿ, ಮಲೆನಾಡನ್ನು ಕಣ್ಣಾರೆ ಕಾಣದ ಬೀದರ, ಭಾಲ್ಕಿ, ಔರಾದಗಳ ತರುಣರನ್ನೂ ಮುಟ್ಟಿದೆ. ಮುಟ್ಟಲಿ, ಅದಕ್ಕೆ ಯಾರ ತಕರಾರೂ ಇರಲಾರದು. ತಕರಾರು ಇರುವುದು ಅದು ಮುಟ್ಟುತ್ತಿರುವ ರೀತಿಯ ಮೇಲೆ.

ಡಂಗುರ ಸಾರುವವರು ಹೇಳುವುದಾದರೂ ಏನು? ಕೈಯಲ್ಲಿ ಹಿಡಿದರೆ ಕೆಳಗಿಡಲಾಗದು. ಒಂದೇ ರಾತ್ರಿಯಲ್ಲಿ ಮುಗಿಯುವುದು. ಕೊನೆಗೆ ಎದೆ ಝಲ್ಲೆನ್ನುವುದು. ಇಷ್ಟೇ. ಈ ಮೂರು ಮಾತುಗಳನ್ನು ಯಾವ ಪತ್ತೇದಾರಿ ಪುಸ್ತಕದ ಬೆನ್ನಿಗಾದರೂ ಅಂಟಿಸಬಹುದು. ಅವುಗಳನ್ನಾಡಲು ಪುಸ್ತಕವನ್ನು ತೆರೆಯಲೇಬೇಕೆಂಬ ನಿರ್ಬಂಧವೂ ಇಲ್ಲ. ಒಬ್ಬನು ಹೇಳಿದ್ದನ್ನು ಇನ್ನೊಬ್ಬನು, ಅವನು ಹೇಳಿದ್ದನ್ನು ಮತ್ತೊಬ್ಬನು ಹೇಳುತ್ತ ಹೋದರೆ ಸಾವಿರ ಜನರ ಮುದ್ರೆ ಬಿದ್ದಂತಾಯಿತು. ಮುದ್ರೆಯ ಮೇಲುಗಡೆಯ ಕಾಗದವು ಮಾತ್ರ ಖಾಲಿ.

ಖಾಲಿ ಕಾಗದದ ಮೇಲಿನ ಮುದ್ರೆಯು ಏನು ಮಾಡಬಲ್ಲುದೆಂಬುದನ್ನು ಬೀದರದವರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಮಹಮೂದ ಗಾವಾನನ ವೈರಿಗಳು ಅವನ ಮುದ್ರೆಯನ್ನು ಬರಿಯ ಕಾಗದಕ್ಕೆ ಒತ್ತಿಸಿಕೊಂಡು, ಮೇಲೆ ರಾಜದ್ರೋಹದ ಪತ್ರವನ್ನು ಬರೆದರೆಂದು ಇತಿಹಾಸಕಾರರು ಹೇಳುತ್ತಾರೆ. ಮೂರನೆಯ ಮುಹಮ್ಮದ ಷಾನು ಮುದ್ರೆಯನ್ನು ನೋಡಿದನು, ವಿಚಾರಣೆಯ ಗೋಜಿಗೆ ಹೋಗಲಿಲ್ಲ. 1481ರಲ್ಲಿ ಆ ವೃದ್ಧ ಮಂತ್ರಿಯ ತಲೆ ಉರುಳಿತು. ಮೂರು ಸಾವಿರ ಗ್ರಂಥಗಳಿದ್ದುವೆಂದು ಹೆಸರಾದ ಮದರಸಾವನ್ನು ಕಟ್ಟಿಸಿದವನಿಗೆ, ಓದಿ ನೋಡದ ಒಬ್ಬ ಅರಸನಿಂದ ಒದಗಿದ ಗತಿ ಇದು! ಪುಸ್ತಕದ ವಿಷಯದಲ್ಲಿ ಯಾರ ತಲೆಯೂ ಹೋಗುವುದಿಲ್ಲ, ನಿಜ. ಹೋಗುವುದು ಓದುಗನ ಸ್ವಂತ ಬುದ್ಧಿ.

“ಹೇಗಾದರೂ ಆಗಲಿ, ಓದಿದರಲ್ಲ!” ಎಂದು ಸಮಾಧಾನ ಹೇಳುವವರುಂಟು. ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಐನೂರಕ್ಕೂ ಮಿಕ್ಕಿ ಪತ್ತೇದಾರಿ ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರನ್ನು ಪಂಡಿತರು ಲೆಕ್ಕಕ್ಕೆ ಹಿಡಿಯದಿದ್ದಾಗಲೂ ಕನ್ನಡದ ಎಷ್ಟೋ ಜನರು ಓದಿನ ರುಚಿಯನ್ನು ಹತ್ತಿಸಿಕೊಂಡುದು ಅವರಿಂದಲೇ. ಆದರೆ ಆ ಓದುಗರು ಒಂದನ್ನು ಓದಿ, ತಮಗೆ ಹಿಡಿಸಿದ್ದರಿಂದ ಎರಡನೆಯದನ್ನು ಕೇಳಿಕೊಂಡು ಬಂದವರು. ಸಾಕ್ಷಿ ಅವರ ನಾಲಗೆಯೇ ಆಗಿತ್ತು. ಗುಲ್ಲಿನ ಓದುಗನು ಎರಡನೆಯದನ್ನು ಕೇಳುವುದಿಲ್ಲ. ಎರಡನೆಯ ಗುಲ್ಲನ್ನು ಕಾಯುತ್ತಾನೆ. ತೇಜಸ್ವಿಯವರ ‘ಕರ್ವಾಲೊ’ ಅದೇ ಕಪಾಟಿನಲ್ಲಿದ್ದರೂ ಅವನ ಕೈ ಅತ್ತ ಚಾಚದು.

ಇದಕ್ಕಿಂತಲೂ ದೊಡ್ಡ ಹಾನಿಯೊಂದಿದೆ. ಔರಾದದ ಹುಡುಗನ ಕಿವಿಗೆ ಕನ್ನಡದೊಡನೆ ಮರಾಠಿಯೂ ಉರ್ದುವೂ ಬೀಳುತ್ತಿರುತ್ತವೆ. ಅವನು ಕಂಡುದು ತೊಗರಿ ಜೋಳಗಳ ಹೊಲವನ್ನು. ಏಲಕ್ಕಿಯ ತೋಟವನ್ನಲ್ಲ, ಘಟ್ಟದ ಕಾಡನ್ನಲ್ಲ. ಮಲೆನಾಡಿನ ಮಾತಿನ ವರಸೆಗೆ ಅವನ ಕಿವಿ ಒಗ್ಗಲು ನಾಲ್ಕು ದಿನವಾದರೂ ಬೇಕು. ಒಂದೇ ರಾತ್ರಿಯಲ್ಲಿ ಮುಗಿಯಬೇಕಾದ ಪುಸ್ತಕವು ನಾಲ್ಕು ದಿನವಾದರೂ ಮುಗಿಯದಿದ್ದಾಗ ಅವನು ಎರಡರಲ್ಲೊಂದನ್ನು ನಂಬುತ್ತಾನೆ: ಪುಸ್ತಕವು ಸಪ್ಪೆ, ಇಲ್ಲವೆ ತಾನು ದಡ್ಡ. ಎರಡೂ ಸುಳ್ಳು. ನಿಜಾಮರ ಆಳಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡ ಕಲಿಸಿದ ಸೀಮೆಯಿದು. ಅಷ್ಟು ಕಷ್ಟದಿಂದ ಗಳಿಸಿದ ಅಕ್ಷರವನ್ನು ಹಿಡಿದು ಬಂದ ಓದುಗನೊಬ್ಬನು, ದೂರದವರ ಉತ್ಸಾಹದ ಅಳತೆಗೋಲಿನಿಂದ ತನ್ನನ್ನು ಅಳೆದುಕೊಂಡು, ಪುಸ್ತಕವನ್ನು ಮುಚ್ಚಿಟ್ಟರೆ ಆ ನಷ್ಟವನ್ನು ಡಂಗುರದವರು ತುಂಬಿಕೊಡುವರೇ?

ಕಾದಂಬರಿಯನ್ನು ಬಲ್ಲವರಿಗೆ ಇದರಲ್ಲಿಯ ವಿನೋದವು ಹೊಳೆಯದಿರದು. ಏಲಕ್ಕಿಯ ವ್ಯಾಪಾರಕ್ಕೆಂದು ಹೊರಟ ಸುರೇಶ ಗೌರಿಯರು ಕಳ್ಳಸಾಗಣೆಯ ಬಲೆಯಲ್ಲಿ ಸಿಲುಕುವ ಆ ಕಥೆಯಲ್ಲಿ, ಕೆಂಪು ರತ್ನಗಳ ಗುಟ್ಟು ಅಡಗಿರುವುದು ಹಳೆಯ ಕನ್ನಡ ಕಾವ್ಯವೊಂದರಲ್ಲಿ. ಆ ಕಾವ್ಯಕ್ಕೆ ಎರಡು ಅರ್ಥ. ಮೇಲಿನ ಅರ್ಥವನ್ನು ಕಂಡು ಮುಂದಕ್ಕೆ ಓಡಿದವನಿಗೆ ಗಣಿಯ ಸುಳಿವು ಹತ್ತದು. ಪದಪದವನ್ನು ಬಿಡಿಸಿ, ಎಲ್ಲಿ ಒಡೆದರೆ ಏನಾಗುವುದೆಂದು ತಾಳ್ಮೆಯಿಂದ ನೋಡಿದವನಿಗೇ ಅದು ಬಾಯಿಬಿಡುವುದು. ಹಳಗನ್ನಡದ ಈ ಪುಟಗಳನ್ನೇ ‘ಬೇಸರ’ವೆಂದು ಹಾರಿಸಿ, ಕೊನೆಯ ತಿರುವಿಗೆ ಧಾವಿಸಿ, “ಇಷ್ಟೇನೇ?” ಎಂದು ಮೂಗು ಮುರಿಯುವವರೂ ಇದ್ದಾರೆ.

ಆದುದರಿಂದ ಹೊಗಳುವವರಲ್ಲಿ ಕೇಳತಕ್ಕ ಪ್ರಶ್ನೆಯು ಒಂದೇ: ಯಾವ ಪುಟದಲ್ಲಿ ನಿಂತಿರಿ? ನಿಂತ ಪುಟವನ್ನು ತೋರಿಸಬಲ್ಲವನ ಹೊಗಳಿಕೆಯನ್ನು ನಂಬಿ ಭಾಲ್ಕಿಯಿಂದ ಬೀದರದವರೆಗೆ ಪುಸ್ತಕಕ್ಕಾಗಿ ಬಸ್ಸು ಹತ್ತಬಹುದು. ಉಳಿದವರು ಕಾಗದದಲ್ಲಿ ಮೊದಲು ಏನಾದರೂ ಬರೆಯಲಿ. ಮುದ್ರೆಯನ್ನು ಆಮೇಲೆ ಒತ್ತಲಿ.