ಅಜ್ಜನ ಹಿತ್ತಲು: ಕಲಮಿ ಗಿಡಕ್ಕೆ ಕತ್ತರಿ

ಮಕ್ಕಳೇ, ದಸರಾ ರಜೆಯ ಒಂದು ರವಿವಾರ ನಮ್ಮ ಮನೆಯಲ್ಲಿ ಜಗಳವಾಯಿತು. ಜಗಳ ನನಗೂ ನನ್ನ ಮೊಮ್ಮಗಳಿಗೂ. ಅವಳು ಈಗ ಐದನೇ ಇಯತ್ತೆ. ನಾನು ಹಿತ್ತಲಿನ ಆಪೂಸ ಗಿಡದ ಮುಂದೆ ಕತ್ತರಿ ಹಿಡಿದು ಕೂತಿದ್ದೆ. ಅವಳು ಗಿಡಕ್ಕೂ ನನಗೂ ನಡುವೆ ಬಂದು ನಿಂತಳು.

"ಅಜ್ಜಾ, ಅದು ಇನ್ನೂ ಕೂಸು ಐತಿ. ಈಗ ಚಿಗತೈತಿ, ಆಗಲೇ ಕತ್ತರಸ್ತಿ ಏನು?"

"ಕೂಸು ಇದ್ದಾಗಲೇ ಕತ್ತರಸಬೇಕವ್ವಾ."

"ನಿನಗ ಯಾರರ ಹಂಗ ಮಾಡಿದ್ರ?"

ಉತ್ತರ ಹೊಳೆಯಲಿಲ್ಲ. ಕತ್ತರಿ ಕೆಳಗಿಟ್ಟೆ. ಅಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು.

ಅಮೆರಿಕದ ಸಿಯಾಟಲ್ ಊರಿನಿಂದ ಮಗನ ಮಗ ಕರೆ ಮಾಡಿದ್ದ. ನಮಗೆ ಬೆಳಗಿನ ಆರೂವರೆ ಅಂದರೆ ಅವರಿಗೆ ಹಿಂದಿನ ದಿನದ ಸಂಜೆ ಆರು. ಅವರ ಮನೆಯ ಮುಂದೆ ಜಪಾನಿನ ಮೇಪಲ್ ಗಿಡ ಒಂದಿದೆ, ಹಚ್ಚಿ ಮೂರು ವರ್ಷ. ಎಲೆ ಕೆಂಪು, ಕಸೂತಿ ಹಾಕಿದ ಹಾಗೆ ಸೀಳು ಸೀಳು. ಆ ಹುಡುಗನಿಗೂ ಅವರಪ್ಪನಿಗೂ ಗಿಡದ ಸಲುವಾಗಿಯೇ ಜಗಳ. ಕೆಂಪು ಗಿಡದ ನಡುವೆ ಒಂದು ಹಸಿರು ಟೊಂಗೆ ಎದ್ದಿತ್ತು. ಎಲ್ಲಕ್ಕಿಂತ ಎತ್ತರ, ಎಲ್ಲಕ್ಕಿಂತ ಗಟ್ಟಿ. ಹುಡುಗ ಅದನ್ನು ಉಳಿಸಬೇಕು ಅಂತಾನೆ, ಅವರಪ್ಪ ತೆಗೆಯಬೇಕು ಅಂತಾನೆ. ಪಂಚಾಯ್ತಿ ನನ್ನ ಹತ್ತಿರ ಬಂತು.

"ಫೋನು ಗಿಡದ ಬುಡಕ್ಕ ಹಿಡಿ" ಅಂದೆ. ಹಿಡಿದ. ನೆಲದಿಂದ ಒಂದು ಗೇಣು ಮೇಲೆ ಕಾಂಡದಲ್ಲಿ ಗಂಟಿನಂಥದ್ದು ಕಂಡಿತು. ಹಸಿರು ಟೊಂಗೆ ಹೊರಟಿದ್ದು ಆ ಗಂಟಿನ ಕೆಳಗಿನಿಂದ.

ಮೊಮ್ಮಗಳಿಗೆ ಫೋನು ಕೊಟ್ಟು, ನಮ್ಮ ಆಪೂಸದ ಬುಡ ಅವನಿಗೆ ತೋರಿಸು ಅಂದೆ. ಇಲ್ಲಿಯೂ ಗೇಣು ಎತ್ತರದಲ್ಲಿ ಅದೇ ಥರದ ಗಂಟು. ಅದರ ಕೆಳಗೆ ಎರಡು ಚಿಗುರು, ಮಿರಗದ ಮಳೆಯ ಆಮೇಲೆ ಎದ್ದವು. ಎರಡು ಸಮುದ್ರದ ಆಚೆ ಈಚೆ ಇರುವ ಎರಡು ಗಿಡಕ್ಕೆ ಒಂದೇ ಕಾಯಿಲೆ.

ಕಲಮಿ ಗಿಡ ಅಂದರೆ ಎರಡು ಗಿಡ ಸೇರಿ ಒಂದಾದದ್ದು. ಕೆಳಗಿನದು ಓಟೆಯಿಂದ ಹುಟ್ಟಿದ ಯಾವುದೋ ನಾಟಿ ಮಾವು, ಬೇರು ಅದರದ್ದು. ಅದರ ಮೇಲೆ ಆಪೂಸದ ಕಡ್ಡಿ ಕೂರಿಸಿ ಕಟ್ಟಿರುತ್ತಾರೆ, ಹಣ್ಣು ಅದರದ್ದು. ಮಾವಿನ ಓಟೆ ಊರಿದರೆ ತಾಯಿಯಂಥದ್ದೇ ಹಣ್ಣು ಬರುತ್ತದೆಂದು ನಂಬುವ ಹಾಗಿಲ್ಲ. ಅದಕ್ಕೇ ಕಸಿ. ಆ ಮೇಪಲ್ಲಿನ ಕತೆಯೂ ಹಾಗೇ. ಸೀಳೆಲೆಯ ಕೆಂಪು ಜಾತಿಯನ್ನು ಸಾದಾ ಹಸಿರು ಮೇಪಲ್ಲಿನ ಬೇರಿನ ಮೇಲೆ ಕಟ್ಟುತ್ತಾರೆ. ಕೆಳಗಿನ ಚಿಗುರನ್ನು ಬಿಟ್ಟರೆ ಅದು ಬೇರಿನ ಹತ್ತಿರದ್ದು, ಜೋರಿನದು. ನಾಲ್ಕಾರು ವರ್ಷದಲ್ಲಿ ಮೇಲಿನದನ್ನು ನುಂಗಿ ಹಾಕುತ್ತದೆ. ಮುಂದೆ "ಆಪೂಸ ಅಂತ ಹಚ್ಚಿದ್ವಿ, ಹುಳಿ ಕಾಯಿ ಬಿಡಾಕತ್ತೈತಿ, ನರ್ಸರಿಯವ ಮೋಸ ಮಾಡಿದ" ಅಂತ ಬೈಯುತ್ತೇವೆ. ಎಷ್ಟೋ ಸಲ ನರ್ಸರಿಯವನ ತಪ್ಪೇ ಇರುವುದಿಲ್ಲ.

"ಹಂಗಾದ್ರ ಆ ಹಸಿರು ಟೊಂಗಿ ಕಳ್ಳ ಏನು ಅಜ್ಜಾ?" ಅಂದ ಹುಡುಗ. ಕಳ್ಳನಲ್ಲ, ಮನೆಯ ಮೂಲ ಮಾಲಕ ಅದೇ. ಆದರೆ ನಮಗೆ ಬೇಕಾದದ್ದು ಬಾಡಿಗೆಗೆ ಬಂದ ಕೆಂಪು. ಅಷ್ಟು ಹೇಳಿದ ಮೇಲೆ ಅವನು ಒಪ್ಪಿದ. ಇವಳೂ ನಮ್ಮ ಗಿಡದ ಕೆಳಗಿನ ಎರಡು ಚಿಗುರನ್ನು ತಾನೇ ಬೆರಳಿನಿಂದ ಮುರಿದಳು. ಎಳೆಯದಿದ್ದಾಗ ಕತ್ತರಿ ಬೇಡ, ಬೆರಳೇ ಸಾಕು.

ಮೇಲಿನ ತಲೆ ಕತ್ತರಿಸುವ ಮಾತಿಗೆ ಮಾತ್ರ ಅವಳು ಜಗ್ಗಲಿಲ್ಲ. ಆಗ ನಾನು ಹಳೆಯ ಮರದ ಕತೆ ಹೇಳಬೇಕಾಯಿತು.

ಬ್ಯಾಂಕಿನಲ್ಲಿ ಕ್ಲರ್ಕ್ ಕೆಲಸ ಸಿಕ್ಕ ಮಾರನೇ ವರ್ಷ, 1975ರಲ್ಲಿ, ಇದೇ ಹಿತ್ತಲಿನಲ್ಲಿ ನಾನೊಂದು ಆಪೂಸ ಹಚ್ಚಿದ್ದೆ. ಆಗಿನ್ನೂ ಅಣ್ಣತಮ್ಮಂದಿರ ಹಿಸ್ಸೆ ಆಗಿರಲಿಲ್ಲ, ಹಿತ್ತಲು ದೊಡ್ಡದಿತ್ತು. ಗಿಡ ಮೊಣಕಾಲೆತ್ತರಕ್ಕೆ ಬಂದಾಗ ಒಂದೇ ಕಡೆಯಿಂದ ಎರಡು ಟೊಂಗೆ ಜೋಡಿಯಾಗಿ ಮೇಲೆದ್ದವು, ಇಂಗ್ಲಿಷಿನ ವಿ ಅಕ್ಷರದ ಹಾಗೆ. ನೋಡಿದವರೆಲ್ಲ ರಾಮ ಲಕ್ಷ್ಮಣ ಅಂದರು. ನನಗೂ ಹೆಮ್ಮೆ. ಒಂದನ್ನು ತೆಗೆಯಿರಿ ಎಂದು ನಮ್ಮ ತಂದೆಯವರ ಗೆಳೆಯರೊಬ್ಬರು, ಒಕ್ಕಲುತನದವರು, ಹೇಳಿದ್ದರು. ಕೇಳಲಿಲ್ಲ.

ಅಷ್ಟು ಇಕ್ಕಟ್ಟಾಗಿ ಏರುವ ಎರಡು ಟೊಂಗೆಗಳ ನಡುವೆ ತೊಗಟೆ ಸಿಕ್ಕಿಹಾಕಿಕೊಳ್ಳುತ್ತದೆ. ಹೊರಗಿನಿಂದ ಕೂಡಿದ ಹಾಗೆ ಕಾಣುತ್ತದೆ, ಒಳಗೆ ಕಟ್ಟಿಗೆ ಕಟ್ಟಿಗೆಗೆ ಬೆಸೆದೇ ಇರುವುದಿಲ್ಲ. ಭಾರ ಹೆಚ್ಚಿದ ಹಾಗೆ ಒಂದನ್ನೊಂದು ದೂಡುತ್ತಿರುತ್ತವೆ. 1991ರ ಮೇ ತಿಂಗಳು, ಮರದ ತುಂಬ ಕಾಯಿ. ಸಂಜೆ ಗಾಳಿ ಎದ್ದು ದೊಡ್ಡ ಹನಿ ಬಿತ್ತು. ನಮ್ಮ ಅವ್ವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದವಳು, ಒಲೆಯ ಮೇಲಿನ ಹಾಲು ನೆನಪಾಗಿ ಒಳಗೆ ಹೋದಳು. ಪಟಾಕಿ ಸಿಡಿದಂಥ ಸದ್ದು. ಬಂದು ನೋಡಿದರೆ ಲಕ್ಷ್ಮಣ ಕಾಯಿ ಸಮೇತ ಆ ಕಲ್ಲಿನ ಮೇಲೆ ಬಿದ್ದಿತ್ತು. ಸೀಳಿನಲ್ಲಿ ಕರಿ ತೊಗಟೆಯ ಪದರು ಉದ್ದಕ್ಕೂ ಕಾಣುತ್ತಿತ್ತು. ಉಳಿದ ಅರ್ಧಕ್ಕೆ ಕಾಂಡ ಕೊರೆಯುವ ಹುಳ ಹತ್ತಿತು, ಎರಡು ವರ್ಷದಲ್ಲಿ ಅದನ್ನೂ ಕಡಿಸಿದೆವು. ಅವ್ವ ಆ ಮೇಲೆ ಹದಿನಾಲ್ಕು ವರ್ಷ ಬದುಕಿದಳು. ಆ ಕಲ್ಲು ಈಗಲೂ ಇದೆ.

ಮೊಮ್ಮಗಳು ಆ ಕಲ್ಲಿನ ಮೇಲೆಯೇ ಕೂತು ಕೇಳುತ್ತಿದ್ದಳು. ಮೆಲ್ಲಗೆ ಎದ್ದು ಈಚೆ ಬಂದು ನಿಂತಳು.

ಈಗ ತಲೆ ಏಕೆ ಕತ್ತರಿಸುವುದು ಎನ್ನುವ ಮಾತು. ಗಿಡದ ತುದಿಯ ಮೊಗ್ಗು ತರಗತಿಯ ಮಾನಿಟರ್ ಇದ್ದ ಹಾಗೆ. ಅದು ಇರುವ ತನಕ ಕೆಳಗಿನ ಮೊಗ್ಗುಗಳು ಬಾಯಿಯ ಮೇಲೆ ಬೆರಳಿಟ್ಟು ಕೂತಿರುತ್ತವೆ. ತುದಿಯಲ್ಲಿ ಹುಟ್ಟುವ ಆಕ್ಸಿನ್ ಎನ್ನುವ ರಸ ಕೆಳಗೆ ಇಳಿಯುತ್ತಾ ಅವನ್ನು ತಡೆಯುತ್ತದೆ. ತುದಿ ಹೋದರೆ ಆಕ್ಸಿನ್ ನಿಲ್ಲುತ್ತದೆ, ಕೆಳಗಿನವು ಎದ್ದು ನಿಲ್ಲುತ್ತವೆ. ಗಿಡದ ತುದಿಯಿಂದ ಕೆಳಗೆ ಏನೋ ಸುದ್ದಿ ಹೋಗುತ್ತದೆ ಎಂದು ಮೊದಲು ಗುರುತಿಸಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಒಬ್ಬರು. ಹುಲ್ಲಿನ ಮೊಳಕೆಯ ತುದಿಗೆ ಟೊಪ್ಪಿಗೆ ಹಾಕಿ, ಬೆಳಕಿನ ಕಡೆ ಬಾಗುತ್ತದೆಯೋ ಇಲ್ಲವೋ ನೋಡಿದರು. ಮಗ ಫ್ರಾನ್ಸಿಸ್ ಜೊತೆಗೂಡಿ ಮಾಡಿದ ಆ ಕೆಲಸ 1880ರಲ್ಲಿ ಪುಸ್ತಕವಾಯಿತು. ಆಗ ಡಾರ್ವಿನ್ ಅವರಿಗೂ ನನ್ನ ಹಾಗೆ ಎಪ್ಪತ್ತು ದಾಟಿತ್ತು.

ನಮ್ಮಲ್ಲಿ ಇದು ಹೊಸದೇನೂ ಅಲ್ಲ. ವಿಜಯಪುರದ ಕಡೆ ದ್ರಾಕ್ಷಿಯವರನ್ನು ಕೇಳಿ, ವರ್ಷಕ್ಕೆ ಎರಡು ಸಲ ಚಾಟ್ನಿ ಅನ್ನುತ್ತಾರೆ, ಏಪ್ರಿಲ್ಲಿನದೊಂದು, ಅಕ್ಟೋಬರಿನದೊಂದು. ತೋಟಗಾರಿಕೆಯ ಪುಸ್ತಕಗಳಲ್ಲಿ ಇದಕ್ಕೆ ಸವರುವಿಕೆ ಎಂದಿರುತ್ತದೆ. ಮಗುವಿನ ತಲೆ ಸವರುವುದೂ ಅದೇ ಮಾತು, ಬೇಲಿ ಸವರುವುದೂ ಅದೇ ಮಾತು. ನನಗೆ ಈ ಶಬ್ದ ಬಹಳ ಸೇರುತ್ತದೆ.

ನಮ್ಮ ಕಮರಿಪೇಟೆಯಲ್ಲಿ ಮನೆಗಳು ಒಂದರ ಗೋಡೆಗೆ ಒಂದು ಆತು ನಿಂತಿವೆ. ಈಗ ಉಳಿದಿರುವ ನನ್ನ ಹಿತ್ತಲು ಹನ್ನೆರಡು ಅಡಿಗೆ ಹತ್ತು ಅಡಿ. ಅದರಲ್ಲಿಯೇ ನೀರಿನ ಟಾಕಿ, ತುಳಸಿ ಕಟ್ಟೆ. ಇಲ್ಲಿ ಮಾವು ಹಚ್ಚುವುದು ಹುಚ್ಚುತನ ಎಂದು ನೆರೆಯವರು ಅಂದರು. ಹಿಂದೆ ಮಾವಿಗೆ ಹತ್ತು ಮೀಟರಿಗೊಂದರಂತೆ ಗುಣಿ ತೋಡುತ್ತಿದ್ದರು, ಎಕರೆಗೆ ಸುಮಾರು 40 ಗಿಡ. ಈಗ ಮೂರು ಮೀಟರಿಗೆ ಎರಡು ಮೀಟರಿನಂತೆ ಹಚ್ಚಿ, ಎಕರೆಗೆ 670ರ ಮೇಲೆ ಕೂರಿಸುವವರಿದ್ದಾರೆ. ಅವರ ಗುಟ್ಟು ಕತ್ತರಿಯೇ. ಅವರ ಲೆಕ್ಕದಲ್ಲಿ ನನ್ನ ಹಿತ್ತಲಿಗೆ ಒಂದು ಗಿಡ ಆರಾಮಾಗಿ ಹಿಡಿಸುತ್ತದೆ.

ಅಂತೂ ಅವಳೇ ಟೇಪು ಹಿಡಿದಳು. ಗಿಡ 110 ಸೆಂಟಿಮೀಟರ್ ಇತ್ತು. 70ಕ್ಕೆ ಗುರುತು ಹಾಕಿದೆವು. ಮಾವಿನ ಕಡ್ಡಿಯಲ್ಲಿ ಅಲ್ಲಲ್ಲಿ ಎಲೆಗಳು ಬಳೆಯ ಹಾಗೆ ಗುಂಪಾಗಿ ಬಂದಿರುತ್ತವೆ. ಆ ಬಳೆಯ ಮೇಲೆ ಕತ್ತರಿಸಿದರೆ ಆರೇಳು ಸಣಕಲು ಚಿಗುರು ಒಂದೇ ಕಡೆ ನುಗ್ಗುತ್ತವೆ. ಬಳೆಗೆ ಸ್ವಲ್ಪ ಕೆಳಗೆ ಕತ್ತರಿಸಿದರೆ ಚಿಗುರು ಕಡಿಮೆ, ಆದರೆ ಒಂದಕ್ಕೊಂದು ದೂರ ದೂರ. ಕತ್ತರಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ಒರೆಸಿದೆ. ಮಳೆ ಹೋಗಿ ನಾಲ್ಕು ದಿನ ಬಿಸಿಲಿತ್ತು, ಗಾಯ ಒಣಗುವುದಕ್ಕೆ ಅದು ಬೇಕು. ಕಟ್ ಎಂದಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಗಾಯದ ಮೇಲೆ ಬೋರ್ಡೋ ಮುಲಾಮು ಹಚ್ಚಿದೆವು. ನೂರು ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿನಲ್ಲಿ, ನೂರು ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ, ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಪ್ಲಾಸ್ಟಿಕ್ ಬಕೆಟ್ ಇರಲಿ, ಕಬ್ಬಿಣ ನಡೆಯುವುದಿಲ್ಲ. ಮೈಲುತುತ್ತ ವಿಷ, ಇದು ದೊಡ್ಡವರ ಕೆಲಸ. ಮಕ್ಕಳು ದೂರ ನಿಂತು ನೋಡಿ. ಸುಣ್ಣ ಸಾಕಾಯಿತೋ ಇಲ್ಲವೋ ತಿಳಿಯಲು ಹಳೆಯ ಚಾಕುವಿನ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಬಣ್ಣ ಹತ್ತಿದರೆ ಅದು ತಾಮ್ರ, ಇನ್ನಷ್ಟು ಸುಣ್ಣ ಬೇಕು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯುತ್ತಾರೆಂದು ರಸ್ತೆ ಬದಿಯ ಬಳ್ಳಿಗಳಿಗೆ ಇದನ್ನು ಎರಚುತ್ತಿದ್ದರು, ನೋಡಿದರೆ ವಿಷ ಎನಿಸಲಿ ಎಂದು. ಎರಚಿದ ಬಳ್ಳಿಗೆ ರೋಗ ಬರಲಿಲ್ಲ. ಮಿಲಾರ್ಡೆ ಎನ್ನುವ ಪ್ರಾಧ್ಯಾಪಕರು ಅದನ್ನು ಗಮನಿಸಿ 1885ರಲ್ಲಿ ಲೋಕಕ್ಕೆ ಹೇಳಿದರು.

ಆ ಹುಡುಗ ಬಿಡಬೇಕಲ್ಲ, ಮರುದಿನ ಮತ್ತೆ ಕರೆ. ಹಸಿರು ಟೊಂಗೆ ಹೆಬ್ಬೆರಳು ದಪ್ಪ, ಎಲ್ಲಿ ಕತ್ತರಿಸಲಿ? ಟೊಂಗೆ ಕಾಂಡಕ್ಕೆ ಸೇರುವಲ್ಲಿ ಕೊರಳಪಟ್ಟಿಯ ಹಾಗೆ ಉಬ್ಬು ಇರುತ್ತದೆ. ಕತ್ತರಿ ಅದರ ಹೊರಗೆ, ಹತ್ತಿರ ಬೀಳಬೇಕು. ಪಟ್ಟಿಯನ್ನೇ ಕೆತ್ತಿ ನುಣ್ಣಗೆ ಮಾಡಬಾರದು, ಉದ್ದ ಗೂಟ ಬಿಟ್ಟು ಕೊಳೆಯಿಸಲೂಬಾರದು. ಅಮೆರಿಕದವರೇ ಆದ ಅಲೆಕ್ಸ್ ಶಿಗೋ ಎನ್ನುವ ವಿಜ್ಞಾನಿ ಸಾವಿರಾರು ಮರಗಳನ್ನು ಯಂತ್ರದ ಗರಗಸದಿಂದ ಉದ್ದಕ್ಕೆ ಸೀಳಿ ಒಳಗೆ ನೋಡಿದರು. ನಮ್ಮ ಮೊಣಕಾಲಿನ ಗಾಯದ ಹಾಗೆ ಮರದ ಗಾಯ ಮಾಯುವುದಿಲ್ಲ, ಮರ ಅದರ ಸುತ್ತ ಗೋಡೆ ಕಟ್ಟಿ ಮುಚ್ಚಿ ಮುಂದೆ ಬೆಳೆಯುತ್ತದೆ ಎಂದು ತೋರಿಸಿದರು. ಆ ಕೊರಳಪಟ್ಟಿಯೇ ಗೋಡೆ ಕಟ್ಟುವ ಗೌಂಡಿ. ಉಳಿದ ಕೆಂಪು ಟೊಂಗೆಗಳಿಗೆ ಎಲೆ ಉದುರುವ ತನಕ ಕೈ ಹಚ್ಚಬೇಡ, ಚಳಿ ಮುಗಿದು ರಸ ಏರುವಾಗಲಂತೂ ಬೇಡವೇ ಬೇಡ, ಕತ್ತರಿಸಿದಲ್ಲಿ ಸೋರುತ್ತದೆ ಅಂದೆ. ಮೇಪಲ್ಲಿನಲ್ಲಿ ಮೊಗ್ಗು ಎದುರುಬದುರು ಜೋಡಿಯಾಗಿ ಇರುತ್ತವೆ. ಟೊಂಗೆ ಯಾವ ಕಡೆ ಹೋಗಬೇಕೋ ಆ ಕಡೆಯದನ್ನು ಉಳಿಸಿ ಇನ್ನೊಂದನ್ನು ಚಿವುಟಿದರೆ ಆಯಿತು.

ಅವನು ನನಗೂ ಒಂದು ಪಾಠ ಹೇಳಿದ. ಜಪಾನಿ ಭಾಷೆಯಲ್ಲಿ ಮೇಪಲ್ಲಿಗೆ ಕಾಯೆದೆ ಎಂದು ಹೆಸರಂತೆ, ಮೂಲದಲ್ಲಿ ಕಪ್ಪೆಯ ಕೈ ಎಂದು ಅರ್ಥ. ಸಾದಾ ಹಸಿರು ಎಲೆಯನ್ನು ಅಂಗೈ ಮೇಲೆ ಇಟ್ಟು ತೋರಿಸಿದ. ನಿಜ, ಕಪ್ಪೆಯ ಕೈಯೇ. "ಇಲ್ಲಿ ಒಂದು ಹಚ್ಚೂಣು ಅಜ್ಜಾ" ಅಂದಳು ಇವಳು. ಅದಕ್ಕೆ ಚಳಿಗಾಲದ ದೀರ್ಘ ನಿದ್ದೆ ಬೇಕು, ನಮ್ಮ ಏಪ್ರಿಲ್ಲಿನ ಬಿಸಿಲಿಗೆ ಎಲೆ ಸುಟ್ಟು ಹೋಗುತ್ತದೆ.

ದೀಪಾವಳಿ ದಾಟಿದ ಮೇಲೆ ನಮ್ಮ ಗಿಡದಲ್ಲಿ ಐದು ಚಿಗುರು ಎದ್ದವು. ಯಾವ ಮೂರು ಉಳಿಯಬೇಕು ಎನ್ನುವ ಅಧಿಕಾರ ಅವಳಿಗೇ ಕೊಟ್ಟೆ. ಒಂದು ಟಾಕಿಯ ಕಡೆ, ಒಂದು ಬಾಗಿಲ ಕಡೆ, ಒಂದು ಬಯಲ ಕಡೆ ಆರಿಸಿದಳು. ಒಂದಕ್ಕಿಂತ ಒಂದು ನಾಲ್ಕು ಬೆರಳು ಮೇಲೆ. ಬಾಗಿಲ ಕಡೆಯದು ಕಾಂಡಕ್ಕೆ ತೀರ ಅಂಟಿ ಏರುತ್ತಿತ್ತು. "ಇದು ಲಕ್ಷ್ಮಣ ಆಗ್ತೈತಿ" ಎಂದು ಅವಳೇ ಹೇಳಿ, ಸುತಳಿ ಸಡಿಲಾಗಿ ಕಟ್ಟಿ ಗೂಟಕ್ಕೆ ಜಗ್ಗಿ ಬಗ್ಗಿಸಿದಳು. ಹದಿನೈದು ದಿನಕ್ಕೊಮ್ಮೆ ಸುತಳಿ ಬಿಚ್ಚಿ ಕಟ್ಟುವುದು ನನ್ನ ಕೆಲಸ, ಇಲ್ಲದಿದ್ದರೆ ತೊಗಟೆ ಕೊಯ್ದುಬಿಡುತ್ತದೆ. ಆ ಚಿಗುರುಗಳು ಗೇಣೂವರೆ ಆದ ಮೇಲೆ ಅವುಗಳ ತುದಿಯನ್ನೂ ಮತ್ತೆ ಹೀಗೆಯೇ ತೆಗೆಯಬೇಕು.

ಹೋದ ವಾರ ಇನ್ನೊಂದು ಪೇಚು. ಟಾಕಿಯ ಕಡೆಯ ಟೊಂಗೆಯಲ್ಲಿ ಹೂ ಬಂತು. ಕಲಮಿ ಗಿಡ ಹಾಗೇ, ಕೂಸಿದ್ದಾಗಲೇ ಹೂ ಬಿಡುತ್ತದೆ. ಮೂರು ವರ್ಷ ಹೂ ಕೀಳಬೇಕು, ಬೇರು ಟೊಂಗೆ ಗಟ್ಟಿಯಾಗುವ ಮೊದಲೇ ಕಾಯಿ ಹಿಡಿದರೆ ಗಿಡ ಸೊರಗುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಅಸಲನ್ನೇ ಮುರಿದು ತಿಂದ ಹಾಗೆ. ಇದನ್ನು ಅವಳಿಗೆ ಹತ್ತು ಸಲ ಹೇಳಿದವನು ನಾನೇ. ಆದರೆ ಹೂ ನೋಡಿದಾಗ ನನ್ನ ಕೈ ಏಳಲಿಲ್ಲ. ಮೂರು ವರ್ಷಕ್ಕೆ ನನಗೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿದೆ. ಒಂದೇ ಒಂದು ಕಾಯಿ ಬಿಟ್ಟರೆ ಏನಾದೀತು, ಯಾರಿಗೆ ಗೊತ್ತಾದೀತು ಎಂದು ಎರಡು ದಿನ ಸುಮ್ಮನೆ ಇದ್ದೆ.

ಮೂರನೇ ದಿನ ಶಾಲೆಯಿಂದ ಬಂದವಳು ನೋಡಿಬಿಟ್ಟಳು. "ಅಜ್ಜಾ, ಹೂ ಕೀಳಾಕ ಮರತಿಯೇನು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಕತ್ತರಿ ತಂದು ತೆಗೆದಳು. ಬಿಸಾಡಲಿಲ್ಲ. ಸ್ಟೀಲ್ ಲೋಟದಲ್ಲಿ ನೀರು ಹಾಕಿ ಅಡಿಗೆಮನೆಯ ಕಿಟಕಿಯಲ್ಲಿ ಇಟ್ಟಳು. ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಮೂಗರಳಿಸಿ, "ಮಾವಿನ ಸೀಜನ್ ಬಂದ್ಹಂಗ ಆತು ನೋಡ" ಅಂದಳು.