ಎಚ್.ಪಿ.ಗೆ ಕೈಮುಗಿದದ್ದು ಸಾಕು, ಗಾಳಿ ಅಳೆಯೋಣ

ಕಂಪ್ರೆಸರ್ ಕೊಳ್ಳುವಾಗ ನಮ್ಮ ಕಾಸರಗೋಡು ಕಡೆ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಎಚ್.ಪಿ.? ಎಷ್ಟು ಲೀಟರಿನ ಟ್ಯಾಂಕ್? ಆಮೇಲೆ ರೇಟು. ಅಲ್ಲಿಗೆ ವ್ಯಾಪಾರ ಮುಗಿಯಿತು. ಈ ಎರಡು ಪ್ರಶ್ನೆಗಳಿಂದ ಯಂತ್ರ ಆರಿಸುವುದೆಂದರೆ ಹಸುವಿನ ತೂಕ ಕೇಳಿ ಹಾಲಿನ ಲೆಕ್ಕ ಹಾಕಿದಂತೆ ಎಂಬುದು ನಮ್ಮ ವಾದ.

ಭಾಷೆ, ಶಾಲೆ, ಅಧ್ಯಾಪಕರ ನೇಮಕಾತಿ ಎಲ್ಲ ಬಿಟ್ಟು ಇವತ್ತು ಕಂಪ್ರೆಸರ್ ಯಾಕೆ ಮಾಷ್ಟ್ರೇ ಎಂದು ಕೇಳುವವರಿದ್ದಾರೆ. ಕಾರಣ ಉಂಟು. ನಮ್ಮ ಕನ್ನಡ ಮಾಧ್ಯಮದ ಮಕ್ಕಳೆಲ್ಲ ಡಾಕ್ಟರ್, ಇಂಜಿನಿಯರ್ ಆಗುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಐ.ಟಿ.ಐ.ಗೆ ಹೋದವರು, ಇಲ್ಲವೇ ಮಾವನ ಹತ್ತಿರ ಕೆಲಸ ಕಲಿತವರು ಮನೆಯ ಪಕ್ಕ ಶೀಟು ಇಳಿಸಿ ಸಣ್ಣ ವರ್ಕ್‌ಶಾಪ್ ಮಾಡಿಕೊಳ್ಳುತ್ತಾರೆ. ಬಾಗಿಲು, ಕಪಾಟಿನ ಕೆಲಸ, ಬೈಕ್ ರಿಪೇರಿ, ಗೇಟಿಗೆ ಪೈಂಟು. ಅವರ ಮೊದಲ ದೊಡ್ಡ ಖರೀದಿಗಳಲ್ಲಿ ಕಂಪ್ರೆಸರ್ ಒಂದು. ಸಾಲ ಮಾಡಿ ತಂದದ್ದು ಕೆಲಸಕ್ಕೆ ಬಾರದಿದ್ದರೆ ಕಂತು ಮಾತ್ರ ನಿಲ್ಲುವುದಿಲ್ಲ. ಆಗ ಊರಿನವರ ಮಾತು ಒಂದೇ: "ಕನ್ನಡ ಮೀಡಿಯಂ ಅಲ್ವಾ, ಮೆಷಿನ್ ವಿಷಯ ಎಲ್ಲಿಂದ ಗೊತ್ತಾಗ್ಬೇಕು!"

ಈ ಮಾತಿಗೆ ನಾವು ಉತ್ತರ ಕೊಡಲೇಬೇಕು. ಕಂಪ್ರೆಸರ್ ಆರಿಸಲು ಬೇಕಾದ ಲೆಕ್ಕ ಇಂಗ್ಲಿಷಿನಲ್ಲಿ ಅಡಗಿ ಕೂತಿಲ್ಲ. ಹೈಸ್ಕೂಲಿನ ಅನಿಲ ನಿಯಮಗಳ ಪಾಠದಲ್ಲಿ ಕನ್ನಡದಲ್ಲೇ ಉಂಟು. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮ: ಉಷ್ಣತೆ ಬದಲಾಗದಿದ್ದರೆ ಒತ್ತಡ ಮತ್ತು ಗಾತ್ರಗಳ ಗುಣಲಬ್ಧ ಬದಲಾಗದು. ಪರೀಕ್ಷೆಯ ಮಾರ್ಕಿಗೆ ಬಾಯಿಪಾಠವಾಗುವ ಈ ಸಾಲನ್ನು ಟ್ಯಾಂಕಿಗೆ ಹಚ್ಚಿ ನೋಡೋಣ.

50 ಲೀಟರಿನ ಟ್ಯಾಂಕ್. ಒತ್ತಡ 8 ಬಾರ್ ಇದ್ದದ್ದು 6 ಬಾರಿಗೆ ಇಳಿಯುವಷ್ಟರಲ್ಲಿ ಅದು ಕೊಡುವ ಗಾಳಿ ಎಷ್ಟು? 50ನ್ನು 2ರಿಂದ ಗುಣಿಸಿ. ಹೊರಗಿನ ಲೆಕ್ಕದಲ್ಲಿ 100 ಲೀಟರ್. ಒಂದು ಸಾಧಾರಣ ಸ್ಪ್ರೇ ಗನ್ನಿಗೆ 6 ಸಿ.ಎಫ್.ಎಂ. ಬೇಕೆಂದು ಇಟ್ಟುಕೊಳ್ಳಿ. ಸಿ.ಎಫ್.ಎಂ. ಎಂದರೆ ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ. ಒಂದು ಘನ ಅಡಿ ಎಂದರೆ 28.3 ಲೀಟರ್. ಅಂದರೆ ಗನ್ನಿಗೆ ನಿಮಿಷಕ್ಕೆ 170 ಲೀಟರ್. ನಮ್ಮ 100 ಲೀಟರ್ ಗಾಳಿ 35 ಸೆಕೆಂಡಿನಲ್ಲಿ ಖಾಲಿ! ಟ್ಯಾಂಕ್ 100 ಲೀಟರಿನದಾದರೆ 70 ಸೆಕೆಂಡ್. ಬಾಗಿಲಿನ ಒಂದು ಮಗ್ಗುಲೂ ಮುಗಿಯದು. ಮಿಕ್ಕದ್ದನ್ನು ಪಂಪೇ ಒದಗಿಸಬೇಕು. ಪಂಪು ನಿಮಿಷಕ್ಕೆ 85 ಲೀಟರ್ ಮಾತ್ರ ಕೊಡುವುದಾದರೆ ಅರ್ಧ ಬಾಗಿಲಿಗೆ ಗನ್ನು ಉಗುಳಲು ಶುರು ಮಾಡುತ್ತದೆ. ಆಗ ಪೈಂಟಿನ ಡಬ್ಬಕ್ಕೂ ಪೈಂಟರಿಗೂ ಬೈಗಳು.

"ದೊಡ್ಡ ಟ್ಯಾಂಕ್ ಇದ್ದರೆ ಮೋಟರಿಗೆ ವಿಶ್ರಾಂತಿ ಸಿಗುತ್ತದಲ್ಲ?" ಸಿಗುತ್ತದೆ, ಒಪ್ಪುತ್ತೇವೆ. ಬಿಟ್ಟು ಬಿಟ್ಟು ಮಾಡುವ ಕೆಲಸಕ್ಕೆ, ಅಂದರೆ ಟಯರಿಗೆ ಗಾಳಿ ಹಾಕುವುದು, ಮೊಳೆ ಹೊಡೆಯುವುದು, ಧೂಳು ಊದುವುದು, ಇವಕ್ಕೆ ಟ್ಯಾಂಕ್ ಆಸರೆ. ಎಡೆಬಿಡದೆ ಗಾಳಿ ನುಂಗುವ ಕೆಲಸಕ್ಕೆ ಅಲ್ಲ. ಟ್ಯಾಂಕ್ ಗಾಳಿಯನ್ನು ಕೂಡಿಡುತ್ತದೆ, ಹುಟ್ಟಿಸುವುದಿಲ್ಲ.

ಇನ್ನು ಎಚ್.ಪಿ. ಒಂದು ಎಚ್.ಪಿ. ಎಂದರೆ 746 ವಾಟ್. ಅದು ಮೋಟರಿನ ಬಲ, ಗಾಳಿಯ ಅಳತೆಯಲ್ಲ. ಸಿ.ಎಫ್.ಎಂ. ಬರೆದಿದ್ದರೂ ಎರಡು ಬಗೆ ಉಂಟು. ಒಂದು, ಪಿಸ್ಟನ್ ಓಡಾಡುವ ಜಾಗದ ಲೆಕ್ಕ, ಅದೇ ಡಿಸ್‌ಪ್ಲೇಸ್‌ಮೆಂಟ್. ಇನ್ನೊಂದು, ನಿಜವಾಗಿ ಹೊರಬರುವ ಗಾಳಿ, ಎಫ್.ಎ.ಡಿ. ಸಣ್ಣ ಪಿಸ್ಟನ್ ಯಂತ್ರಗಳಲ್ಲಿ ಮೊದಲನೆಯದು 100 ಆದರೆ ಎರಡನೆಯದು ಸುಮಾರು 60-70. ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾಗುವುದು ಯಾವುದೆಂದು ಹೇಳಬೇಕೇ?

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಒಂದುಂಟು. ಹೊರಹೋಗುವ ವಾಲ್ವ್ ಮುಚ್ಚಿ ಯಂತ್ರ ಓಡಿಸಿ. ಮುಳ್ಳು 6 ಬಾರಿನಿಂದ 8 ಬಾರಿಗೆ ಏರಲು ಎಷ್ಟು ಸೆಕೆಂಡ್ ಬೇಕೆಂದು ಮೊಬೈಲಿನಲ್ಲಿ ನೋಡಿ. 50 ಲೀಟರಿನ ಟ್ಯಾಂಕಿಗೆ 60 ಸೆಕೆಂಡ್ ಬಂದರೆ ನಿಮಿಷಕ್ಕೆ 100 ಲೀಟರ್, ಸುಮಾರು 3.5 ಸಿ.ಎಫ್.ಎಂ. 90 ಸೆಕೆಂಡ್ ಬಂದರೆ 67 ಲೀಟರ್ ಅಷ್ಟೆ. ಟ್ಯಾಂಕಿನೊಳಗಿನ ಗಾಳಿ ಬಿಸಿ ಇರುವುದರಿಂದ ನಿಜಸಂಖ್ಯೆ ಇನ್ನೂ ಸ್ವಲ್ಪ ಕಡಿಮೆಯೇ. ಪರೀಕ್ಷೆಗೆ ಒಪ್ಪದ ಅಂಗಡಿಗೆ ದೂರದಿಂದಲೇ ನಮಸ್ಕಾರ.

ಹಾಗಾದರೆ ಯಾವುದು ಕೊಳ್ಳಬೇಕು? ಮೊದಲು ಉಪಕರಣ, ಆಮೇಲೆ ಕಂಪ್ರೆಸರ್. ಮೊಳೆ ಗನ್ನು, ಟಯರು, ಧೂಳಿಗೆ 1 ಎಚ್.ಪಿ.ಯ, 24-25 ಲೀಟರಿನ ಆಯಿಲ್-ಫ್ರೀ ಧಾರಾಳ ಸಾಕು. ಪೈಂಟಿಂಗ್ ಹೊಟ್ಟೆಪಾಡಾಗಿದ್ದರೆ ಗನ್ನಿನ ಬೇಡಿಕೆ ಓದಿ, ಅದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ಎಫ್.ಎ.ಡಿ. ಇರುವ, ನಿಧಾನ ತಿರುಗುವ ಬೆಲ್ಟ್ ಯಂತ್ರ ನೋಡಿ. ಅದು ತಣ್ಣಗೆ ಓಡುತ್ತದೆ, ರಿಪೇರಿಯೂ ಸುಲಭ. ಆದರೆ ಅದರ ಗಾಳಿಯಲ್ಲಿ ಎಣ್ಣೆಯ ಹನಿ ಬರುತ್ತದೆ. ಫಿಲ್ಟರ್ ಇಲ್ಲದೆ ಪೈಂಟ್ ಹೊಡೆದರೆ ಮೀನಿನ ಕಣ್ಣಿನಂಥ ಗುಳಿಗಳೇಳುತ್ತವೆ. ಗಾಳಿಯ ಸ್ಯಾಂಡರ್ ಬಹಳ ಗಾಳಿ ತಿನ್ನುತ್ತದೆ. ಮನೆಯ ವರ್ಕ್‌ಶಾಪಿಗೆ ಕರೆಂಟಿನ ಸ್ಯಾಂಡರೇ ಲೇಸು.

ಸಿಂಗಲ್ ಫೇಸ್ ಮನೆಯಲ್ಲಿ ದೊಡ್ಡ ಎಚ್.ಪಿ.ಯ ಆಸೆ ಇನ್ನೊಂದು ಉಪದ್ರ. ಶುರುವಾಗುವ ಕ್ಷಣದಲ್ಲಿ ಮೋಟರ್ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಲೈನಿನ ತುದಿಯಲ್ಲಿರುವ ಮನೆಯಲ್ಲಿ ಸಂಜೆ ವೋಲ್ಟೇಜ್ ಬಿದ್ದಾಗ ಅದು ಗುಂಯ್‌ಗುಟ್ಟಿ ಸುಟ್ಟೀತು. ತೆಳು ಎಕ್ಸ್‌ಟೆನ್ಶನ್ ವಯರು ಎಳೆಯಬೇಡಿ. ಗಾಳಿಯ ಪೈಪನ್ನೇ ಉದ್ದ ಮಾಡಿ.

ನಮ್ಮ ಮಳೆಗಾಲದ ಲೆಕ್ಕವನ್ನು ಯಾವ ಡಬ್ಬದ ಮೇಲೂ ಬರೆದಿರುವುದಿಲ್ಲ. ಆಟಿ ತಿಂಗಳ ಒದ್ದೆ ಗಾಳಿಯನ್ನು ನಿಮಿಷಕ್ಕೆ 100 ಲೀಟರಿನಂತೆ ಒಂದು ಗಂಟೆ ಒತ್ತಿ ತುಂಬಿದರೆ 100 ಮಿಲಿಲೀಟರಿಗೂ ಹೆಚ್ಚು ನೀರು ಅದರಿಂದ ಬೇರ್ಪಡುತ್ತದೆ. ಬಹುಪಾಲು ಟ್ಯಾಂಕಿನ ತಳಕ್ಕೇ ಇಳಿಯುತ್ತದೆ. ದಿನಾ ಕೆಲಸ ಮುಗಿದ ಮೇಲೆ ಕೆಳಗಿನ ಡ್ರೈನ್ ತಿರುಗಿಸದಿದ್ದರೆ ಒಳಗಿನಿಂದ ತುಕ್ಕು. ತುಕ್ಕು ತಿಂದ ಟ್ಯಾಂಕ್ ಸಿಡಿದರೆ ಅದು ಬಾಂಬೇ. ಆದ್ದರಿಂದ ಹಳೆ ಟ್ಯಾಂಕಿಗೆ ಹೊಸ ಬಣ್ಣ ಬಳಿದು ಮಾರುವ ಸೆಕೆಂಡ್‌ಹ್ಯಾಂಡ್ ಬೇಡ. ಹಳೆ ಸಿಲಿಂಡರಿಗೆ ಫ್ರಿಜ್ಜಿನ ಕಂಪ್ರೆಸರ್ ಜೋಡಿಸುವ ಸಾಹಸ ಖಂಡಿತ ಬೇಡ. ಸೇಫ್ಟಿ ವಾಲ್ವನ್ನು ಯಾರೂ ಬಿಗಿದು ಮುಚ್ಚಬಾರದು.

ಇಷ್ಟರಲ್ಲಿ ಕನ್ನಡದಲ್ಲಿ ಹೇಳಲಾಗದ್ದು ಯಾವುದಿತ್ತು? ಪಿ.ಎಸ್.ಐ., ಸಿ.ಎಫ್.ಎಂ. ಎಂಬ ಅಕ್ಷರಗಳು ಇಂಗ್ಲಿಷು ನಿಜ. ಒತ್ತಡ, ಗಾತ್ರ, ಕಾಲ ನಮ್ಮವೇ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರೂ ಅಂಗಡಿಗೆ ಹೋಗಿ ಎಚ್.ಪಿ.ಯನ್ನೇ ಕೇಳುತ್ತಾರಲ್ಲ, ಅವರಿಗೆ ಯಾವ ಮೀಡಿಯಂ ಸಹಾಯ ಮಾಡಿತು? ಕೊರತೆ ಇರುವುದು ಪಾಠವನ್ನು ಮಾರ್ಕಿಗೆ ಕಟ್ಟಿಹಾಕಿದ ಪದ್ಧತಿಯಲ್ಲಿ, ಭಾಷೆಯಲ್ಲಲ್ಲ.

ಪಿ.ಟಿ.ಎ. ಸಭೆಗೆ ಬರುವ ಹೆತ್ತವರಲ್ಲಿ, ಹಳೆ ವಿದ್ಯಾರ್ಥಿಗಳಲ್ಲಿ ನಮ್ಮ ಕೋರಿಕೆ ಇದು. ಕಂಪ್ರೆಸರ್ ಇರುವವರು ಅನಿಲ ನಿಯಮದ ಪಾಠದ ದಿನ ಅದನ್ನು ಶಾಲೆಗೆ ತನ್ನಿ, ಇಲ್ಲವೇ ಮಕ್ಕಳನ್ನು ನಿಮ್ಮ ವರ್ಕ್‌ಶಾಪಿಗೆ ಕರೆಯಿರಿ. ಒಂದು ಮುಳ್ಳು, ಒಂದು ಗಡಿಯಾರ, ಒಂದು ಗುಣಾಕಾರ ಸಾಕು. ಆ ಮಕ್ಕಳು ಮುಂದೆ ಯಂತ್ರ ಕೊಳ್ಳಲು ಹೋದಾಗ ಅಂಗಡಿಯವನೇ ಎದ್ದು ನಿಂತು ಉತ್ತರ ಹೇಳಲಿ.